ಮೂರು ಗಂಟೆಯ ನೂನು

ಕಾರ್ಡಿನಲ್ಲಿ ದಪ್ಪ ಅಕ್ಷರದಲ್ಲೇ ಅಚ್ಚಾಗಿತ್ತು: ಊಟ ಮಧ್ಯಾಹ್ನ 12.30ಕ್ಕೆ. ಶೀನ ಆ ಕಾರ್ಡನ್ನು ಜೇಬಿನಿಂದ ತೆಗೆದು ಮೂರನೇ ಸಲ ಓದಿದ. ಆಗ ಗಂಟೆ ಒಂದೂಕಾಲು.

ಗೃಹಪ್ರವೇಶ ನಮ್ಮ ಹಳೇ ಸ್ನೇಹಿತನದು. ಮೈಸೂರಿನ ಹೊರಗೆ, ಇನ್ನೂ ಡಾಂಬರು ಕಾಣದ ಬಡಾವಣೆ. ಮನೆ ಎದುರು ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿ, ಫೆಬ್ರವರಿ ಬಿಸಿಲು. ಒಳಗೆ ಹೋಮ ನಡೆಯುತ್ತಿತ್ತು. ಹಿತ್ತಲಲ್ಲಿ ಅಡುಗೆಯವರು ಹುಳಿಗೆ ಒಗ್ಗರಣೆ ಹಾಕಿದರು. ಇಂಗಿನ ವಾಸನೆ ಎದ್ದು ಬಂದು ನಮ್ಮ ನಾಲ್ಕು ಕುರ್ಚಿಗಳನ್ನು ಸುತ್ತು ಹಾಕಿತು. ಬೆಳಗ್ಗೆ ಏಳಕ್ಕೆ ತಿಂದ ಎರಡು ಇಡ್ಲಿ ಹೋದ ಜನ್ಮದ್ದು ಅನ್ನಿಸುತ್ತಿತ್ತು.

ಶೀನ ಸರ್ಕಾರಿ ಕಚೇರಿಯಲ್ಲಿ ಕಡತ ತಿರುವಿ ನಿವೃತ್ತನಾದವನು. ಪಕ್ಕದಲ್ಲಿ ಮೇಷ್ಟ್ರು. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದವರು. ನಾವು ಪೇಪರ್ ಓದುವ ಹಾಗೆ ಅವರು ಡಿಕ್ಷನರಿ ಓದುತ್ತಾರೆ. ಅವರಾಚೆ ಆಚಾರ್ರು. ಉಡುಪಿ ಕಡೆಯವರು, ಇಲ್ಲಿ ಹೋಟೆಲ್ ಇಟ್ಟವರು. ಈಗ ಹೋಟೆಲನ್ನು ಮಗ ನೋಡಿಕೊಳ್ಳುತ್ತಾನೆ. ಇವರು ಗಲ್ಲಾದ ಪಕ್ಕ ಕೂತು ಮಗನನ್ನು ನೋಡಿಕೊಳ್ಳುತ್ತಾರೆ. ನಾನು ಸುಮ್ನೆ ಕೇಳಿಸಿಕೊಳ್ಳುವವನು.

"ಮಧ್ಯಾಹ್ನ ಅಂದ್ರೆ ಏನು ಮೇಷ್ಟ್ರೇ?" ಅಂತ ಶೀನ ಶುರು ಮಾಡಿದ. "ನಮ್ಮ ಆಫೀಸಿನಲ್ಲಿ ಎಫ್.ಎನ್. ಅಂದ್ರೆ ಎಫ್.ಎನ್., ಎ.ಎನ್. ಅಂದ್ರೆ ಎ.ಎನ್. ಫೋರ್‌ನೂನ್ ಹಾಜರಾದ್ರೆ ಆವತ್ತಿಂದಲೇ ಸಂಬಳ. ಆಫ್ಟರ್‌ನೂನ್ ಹಾಜರಾದ್ರೆ ಮಾರನೇ ದಿನದಿಂದ. ಮಧ್ಯೆ ಒಂದು ಗೆರೆ. ಅದು ನೂನು, ಹನ್ನೆರಡು ಗಂಟೆ. ಇಲ್ಲಿ ಗೆರೆ ದಾಟಿ ಎಷ್ಟು ಹೊತ್ತಾಯ್ತು ನೋಡಿ."

"ನಿನ್ನ ಗೆರೆಯೇ ಜಾಗದಲ್ಲಿಲ್ಲ ಶೀನಪ್ಪ," ಅಂದರು ಮೇಷ್ಟ್ರು. "ನೂನ್ ಅಂದ್ರೆ ಹನ್ನೆರಡಲ್ಲ. ಮೂರು ಗಂಟೆ."

ಶೀನ ನನ್ನ ಮುಖ ನೋಡಿದ. ಹಸಿವು ಮೇಷ್ಟ್ರ ತಲೆಗೇರಿದೆ ಅಂತ ಅವನ ಕಣ್ಣು ಹೇಳುತ್ತಿತ್ತು.

"ಲ್ಯಾಟಿನ್ನಿನಲ್ಲಿ ನೋನ ಹೋರ ಅಂದ್ರೆ ಒಂಬತ್ತನೇ ಗಂಟೆ. ಅದರಲ್ಲಿ ಹೋರ ಬಿಟ್ಟುಹೋಯ್ತು, ನೋನ ಉಳೀತು. ಇಂಗ್ಲಿಷಿಗೆ ಬಂದು ನೋನ್ ಆಯ್ತು, ಆಮೇಲೆ ನೂನ್ ಆಯ್ತು. ಲ್ಯಾಟಿನ್ನಿನ ಒಂಬತ್ತು ನೋವೆಮ್, ಸಂಸ್ಕೃತದ ಒಂಬತ್ತು ನವ. ಎರಡೂ ಒಂದೇ ಬಳ್ಳಿಯವು. ನಮ್ಮ ನವಮಿಗೂ ಆ ನೂನಿಗೂ ದೂರದ ನೆಂಟಸ್ತಿಕೆ."

"ಒಂಬತ್ತಕ್ಕಾ? ಒಂಬತ್ತಕ್ಕೆ ತಿಂಡಿ ತಿನ್ನೋ ಹೊತ್ತು."

"ನಿನ್ನ ಗಡಿಯಾರದ ಒಂಬತ್ತಲ್ಲ. ರೋಮನ್ನರು ಸೂರ್ಯ ಹುಟ್ಟಿದಾಗಿಂದ ಎಣಿಸ್ತಿದ್ರು. ಬೆರಳು ಮಡಚು. ಆರಕ್ಕೆ ಹುಟ್ಟಿದ ಅಂತಿಟ್ಕೋ. ಏಳಕ್ಕೆ ಒಂದು, ಎಂಟಕ್ಕೆ ಎರಡು..."

ಶೀನ ನಿಜವಾಗಿಯೂ ಬೆರಳು ಮಡಚಿದ. ಎಡಗೈ ಮುಗಿದು ಬಲಗೈಯ ಉಂಗುರದ ಬೆರಳಿಗೆ ಬಂದಾಗ ಮೂರು ಗಂಟೆಯಾಯಿತು. ಒಂದು ಬೆರಳು ಮಾತ್ರ ನೆಟ್ಟಗೆ ಉಳಿಯಿತು. ಅದನ್ನು ಏನು ಮಾಡಬೇಕೋ ತಿಳಿಯದೆ ಮುಂದೆ ಚಾಚಿದ. ಹಾಲ್ಟಿಕೆಟ್ ತೋರಿಸುವವನ ಹಾಗೆ.

"ಅವರ ಗಂಟೆಯೂ ರಬ್ಬರಿನ ಗಂಟೆ," ಅಂತ ಮೇಷ್ಟ್ರು ಮುಂದುವರಿಸಿದರು. ಹಗಲು ಎಷ್ಟೇ ಉದ್ದ ಇರಲಿ, ರೋಮನ್ನರು ಅದನ್ನು 12 ಪಾಲು ಮಾಡುತ್ತಿದ್ದರಂತೆ. ರೋಮಿನಲ್ಲಿ ಬೇಸಿಗೆಯ ಹಗಲು ಉದ್ದ, ಚಳಿಗಾಲದ್ದು ಗಿಡ್ಡ. ಹಾಗಾಗಿ ನಡುಬೇಸಿಗೆಯಲ್ಲಿ ಒಂದು ಗಂಟೆ ಅಂದರೆ ನಮ್ಮ ಲೆಕ್ಕದ ಸುಮಾರು 75 ನಿಮಿಷ, ನಡುಚಳಿಯಲ್ಲಿ ಸುಮಾರು 45.

"ಚಳಿಗಾಲದಲ್ಲಿ ಅಲ್ಲಿ ಗುಮಾಸ್ತನಾಗಬೇಕಿತ್ತು," ಅಂದ ಶೀನ.

"ಇದರಲ್ಲಿ ಏನು ವಿಶೇಷ ಉಂಟು ಮಾರಾಯ್ರೇ?" ಅಂತ ಆಚಾರ್ರು ಬಾಯಿ ಬಿಟ್ಟರು. "ನಮ್ಮ ರಾಹುಕಾಲ ಹಾಗೇ ಅಲ್ವಾ? ಹಗಲನ್ನು ಎಂಟು ಪಾಲು ಮಾಡಿ ಅದರಲ್ಲಿ ಒಂದು. ಹಗಲು ಹಿಗ್ಗಿದ್ರೆ ರಾಹುವೂ ಹಿಗ್ಗುತ್ತಾನೆ. ಒಂದೂವರೆ ಗಂಟೆ ಅಂತ ಕ್ಯಾಲೆಂಡರಿನವರು ಸುಮ್ನೆ ಅನುಕೂಲಕ್ಕೆ ಹಾಕುವುದು."

ಈ ಮಾತಿಗೆ ಮೇಷ್ಟ್ರು ಸ್ವಲ್ಪ ಪೆಚ್ಚಾದರು. ಬೇರೆಯವರು ಒಳ್ಳೆ ಹೋಲಿಕೆ ಕೊಟ್ಟರೆ ಅವರಿಗೆ ಹಾಗೇ ಆಗುತ್ತದೆ.

"ಆಯ್ತು, ಮೂರು ಗಂಟೆ ಅಂತಲೇ ಇಟ್ಕೊಳ್ಳೋಣ," ಅಂದೆ ನಾನು. "ಮೂರರಲ್ಲಿ ಇದ್ದದ್ದು ಹನ್ನೆರಡಕ್ಕೆ ಹೇಗೆ ಬಂತು?"

ಮೇಷ್ಟ್ರು ಕುರ್ಚಿಯನ್ನು ಅರ್ಧ ಅಡಿ ಮುಂದಕ್ಕೆ ಎಳೆದುಕೊಂಡರು. ಅವರು ಕಾಯುತ್ತಿದ್ದ ಪ್ರಶ್ನೆ ಅದು.

"ಹಸಿವು," ಅಂದರು.

ಕಥೆ ಹೀಗಿದೆ. 6ನೇ ಶತಮಾನದಲ್ಲಿ ಇಟಲಿಯಲ್ಲಿ ಬೆನೆಡಿಕ್ಟ್ ಅಂತ ಒಬ್ಬ ಸಂತ. ಮಠದ ಸನ್ಯಾಸಿಗಳು ಯಾವಾಗ ಏಳಬೇಕು, ಯಾವಾಗ ಪ್ರಾರ್ಥನೆ ಮಾಡಬೇಕು, ಯಾವಾಗ ಉಣ್ಣಬೇಕು ಅಂತ ಕಟ್ಟಳೆ ಬರೆದಿಟ್ಟ. ಹಗಲಿನಲ್ಲಿ ಮೂರನೇ ಗಂಟೆಗೊಂದು ಪ್ರಾರ್ಥನೆ, ಆರನೇ ಗಂಟೆಗೊಂದು, ಒಂಬತ್ತನೇ ಗಂಟೆಗೊಂದು. ಆ ಒಂಬತ್ತನೆಯದೇ ನೋನ. ಊಟದ ವಿಷಯದಲ್ಲಿ ಸಂತ ಸ್ವಲ್ಪ ಬಿಗಿ. ಈಸ್ಟರ್ ಆದಮೇಲೆ ಕೆಲವು ವಾರ ಆರನೇ ಗಂಟೆಗೆ, ಅಂದರೆ ನಡುಹಗಲಿಗೇ ಊಟ, ರಾತ್ರಿ ಮತ್ತೆ ಊಟ. ಬೇಸಿಗೆಯಲ್ಲಿ ಬುಧವಾರ, ಶುಕ್ರವಾರ ಮಾತ್ರ ಒಂಬತ್ತನೇ ಗಂಟೆ ತನಕ ಉಪವಾಸ. ಹೊಲದ ಕೆಲಸ ಇದ್ದರೆ, ಬಿಸಿಲು ಜಾಸ್ತಿ ಇದ್ದರೆ ಅದಕ್ಕೂ ವಿನಾಯಿತಿ. ಆದರೆ ಸೆಪ್ಟೆಂಬರ್ ನಡುವೆ ಶುರುವಾಯಿತು ಅಂದರೆ ಮುಗಿಯಿತು. ಅಲ್ಲಿಂದ ಈಸ್ಟರಿಗೆ ಮುಂಚಿನ ದೊಡ್ಡ ಉಪವಾಸ ಬರುವ ತನಕ ದಿನಕ್ಕೆ ಒಂದೇ ಊಟ, ಅದೂ ಒಂಬತ್ತನೇ ಗಂಟೆಗೆ.

"ರಾತ್ರಿ ಎದ್ದು ಪ್ರಾರ್ಥನೆ ಬೇರೆ," ಅಂದರು ಮೇಷ್ಟ್ರು. "ಕತ್ತಲಲ್ಲಿ ಎದ್ದವನು ಮೂರು ಗಂಟೆ ತನಕ ತುತ್ತು ಕಾಣೋ ಹಾಗಿಲ್ಲ. ಅಲ್ಲಿ ಗಂಟೆ ಬಾರಿಸೋದು ಯಾರು?"

"ಗಡಿಯಾರ?"

"ಆಗ ಅಂಥ ಗಡಿಯಾರ ಎಲ್ಲಿತ್ತು? ಬಾರಿಸೋನೂ ಅವರಲ್ಲೇ ಒಬ್ಬ. ಅವನಿಗೂ ಹೊಟ್ಟೆ ಇದೆ."

ಶೀನ ಜೋರಾಗಿ ನಕ್ಕ. ಹೋಮದ ಹತ್ತಿರ ಕೂತಿದ್ದ ಅಜ್ಜಿಯೊಬ್ಬರು ತಿರುಗಿ ನೋಡಿದರು.

ಮೇಷ್ಟ್ರು ದನಿ ತಗ್ಗಿಸಿದರು. ಬೆನೆಡಿಕ್ಟನ ಕಟ್ಟಳೆಯಲ್ಲೇ ಒಂದು ಕಿಂಡಿ ಇತ್ತಂತೆ. ಬೇಸಿಗೆಯ ವೇಳಾಪಟ್ಟಿ ಹೇಳುವ ಕಡೆ, ನೋನ ಪ್ರಾರ್ಥನೆಯನ್ನು ಸ್ವಲ್ಪ ಬೇಗ ಮಾಡಿ, ಎಂಟನೇ ಗಂಟೆಯ ನಡುವಿಗೇ ಮುಗಿಸಿ ಅಂತ ಅವನೇ ಬರೆದಿದ್ದಾನೆ. ಊಟಕ್ಕಾಗಿ ಹೇಳಿದ್ದಲ್ಲ, ಆಮೇಲೆ ಕೆಲಸ ಇದೆ ಅಂತ ಹೇಳಿದ್ದು. ಆದರೆ ಕಿಂಡಿ ಕಿಂಡಿಯೇ. ಶತಮಾನಗಳು ಕಳೆದ ಹಾಗೆ ನೋನ ಎಂಟಕ್ಕೆ ಬಂತು, ಏಳಕ್ಕೆ ಬಂತು. 14ನೇ ಶತಮಾನದ ಮೊದಲಲ್ಲಿ ಇಟಲಿಯ ಕವಿ ದಾಂತೆ, ನೋನದ ಗಂಟೆ ಹೊಡೆಯಬೇಕಾದದ್ದು ಹಗಲಿನ ಏಳನೇ ಗಂಟೆ ಶುರುವಾಗುವಾಗ ಅಂತ ಬರೆಯುತ್ತಾನೆ. ಅಂದರೆ ಹೆಚ್ಚುಕಡಿಮೆ ನಡುಹಗಲು. ಆರನೇ ಗಂಟೆ ಎಲ್ಲಕ್ಕಿಂತ ಶ್ರೇಷ್ಠ, ಅದಕ್ಕೇ ಎಲ್ಲ ಪ್ರಾರ್ಥನೆಗಳೂ ಅದರ ಹತ್ತಿರ ಸರಿಯುತ್ತವೆ ಅಂತ ಅವನ ವಾದ.

"ಕವಿ ಅಲ್ವಾ. ಅಡುಗೆಮನೆ ಅನ್ನೋಕೆ ನಾಚಿಕೆ," ಅಂದ ಶೀನ.

ಇಂಗ್ಲೆಂಡಿನಲ್ಲೂ ಇದೇ ಕಥೆ. ಹಳೇ ಇಂಗ್ಲಿಷಿನಲ್ಲಿ ನೋನ್ ಅಂದರೆ ಮಧ್ಯಾಹ್ನ ಮೂರೇ. 14ನೇ ಶತಮಾನದ ಹೊತ್ತಿಗೆ ಜನ ನಡುಹಗಲಿಗೇ ನೂನ್ ಅನ್ನುತ್ತಿದ್ದರು. ಪ್ರಾರ್ಥನೆಯೂ ಅದರ ಬಾಲ ಹಿಡಿದ ಊಟವೂ ಬೇಗ ಬಂದದ್ದರಿಂದ ಹೀಗಾಯಿತು ಅನ್ನುವುದು ಪದಗಳ ಬೆನ್ನು ಹತ್ತಿದವರು ಕೊಡುವ ಕಾರಣ.

"ಪ್ರಿಪೋನ್!" ಅಂದೆ ನಾನು.

"ಹೌದು ಕಣಯ್ಯ. ಪ್ರಿಪೋನ್ ಅನ್ನೋ ಪದ ನಮ್ಮ ದೇಶದ್ದು ಅಂತ ಇಂಗ್ಲಿಷಿನವರು ಆಡ್ಕೊಂಡು ನಗ್ತಾರೆ. ಕೆಲಸ ಮಾತ್ರ ಅವರು ಯಾವತ್ತೋ ಮಾಡಿ ಮುಗಿಸಿದ್ರು. ಒಂದು ಇಡೀ ನೂನನ್ನೇ ಮೂರು ಗಂಟೆ ಪ್ರಿಪೋನ್ ಮಾಡಿದ್ದಾರೆ."

ಒಳಗಿನಿಂದ 'ಸ್ವಾಹಾ' ಕೇಳುತ್ತಲೇ ಇತ್ತು. ಅಡುಗೆಯ ಹುಡುಗನೊಬ್ಬ ಬಾಳೆಲೆಯ ಕಟ್ಟು ಹೊತ್ತುಕೊಂಡು ಮನೆ ಪಕ್ಕದಿಂದ ಹೋದ. ನಾಲ್ಕು ತಲೆ ಒಟ್ಟಿಗೆ ತಿರುಗಿದವು. ಹುಡುಗ ಎಲೆಯ ಕಟ್ಟನ್ನು ನೀರಿನ ಡ್ರಮ್ಮಿಗೆ ಒರಗಿಸಿ ಮೊಬೈಲ್ ತೆಗೆದ. ತಲೆಗಳು ವಾಪಸ್ ಬಂದವು.

"ಒಂಬತ್ತಕ್ಕೇ ಕಾಲು ನಿಲ್ಲಲ್ಲ ನೋಡಿ," ಅಂದೆ. "ನವೆಂಬರ್ ಅಂದ್ರೂ ಒಂಬತ್ತನೆಯದು. ಅದು ಹೋಗಿ ಹನ್ನೊಂದರಲ್ಲಿ ಕೂತಿದೆ."

"ಅದು ಬೇರೆ ಕಥೆ," ಅಂತ ಮೇಷ್ಟ್ರು ನನ್ನ ನವೆಂಬರನ್ನು ಒಂದೇ ಮಾತಲ್ಲಿ ತಳ್ಳಿಹಾಕಿದರು. "ಆರನೇ ಗಂಟೆ ಏನಾಯ್ತು ಕೇಳು. ಅದು ಸೆಕ್ಸ್ತ. ಸ್ಪೇನಿನಲ್ಲಿ ಸಿಯೆಸ್ತ ಆಯ್ತು. ಮಧ್ಯಾಹ್ನದ ನಿದ್ದೆ."

ಈಗ ಶೀನನ ಮುಖ ಅರಳಿತು. ಮೂವತ್ತು ವರ್ಷ ಮೇಜಿನ ಮೇಲೆ ಕದ್ದು ಮಾಡಿದ ಕೆಲಸಕ್ಕೆ ಒಂದು ಲ್ಯಾಟಿನ್ ಹೆಸರು ಸಿಕ್ಕಿತ್ತು. ಬೆನೆಡಿಕ್ಟನ ಕಟ್ಟಳೆಯಲ್ಲಿ ಅದೂ ಇದೆಯಂತೆ. ಬೇಸಿಗೆಯಲ್ಲಿ ಆರನೇ ಗಂಟೆಯಾಗಿ ಊಟದಿಂದ ಎದ್ದಮೇಲೆ ಎಲ್ಲರೂ ಹಾಸಿಗೆಯಲ್ಲಿ ಮಾತಿಲ್ಲದೆ ಮಲಗಬೇಕು. ಯಾರಿಗಾದರೂ ಓದಬೇಕು ಅನ್ನಿಸಿದರೆ ಪಕ್ಕದವನಿಗೆ ತೊಂದರೆಯಾಗದ ಹಾಗೆ ಓದಿಕೊಳ್ಳಬೇಕು.

"ನಮ್ಮ ಸೂಪರಿಂಟೆಂಡೆಂಟಿಗೆ ಇದನ್ನ ಓದಿಸಬೇಕಿತ್ತು," ಅಂದ.

"ಮಧ್ಯಾಹ್ನದ ಕಾಫಿ ಇರಲಿಲ್ವೋ ಅವರಿಗೆ?" ಅಂತ ಆಚಾರ್ರು ಕೇಳಿದರು. ಹೋಟೆಲಿನವರ ಪ್ರಶ್ನೆ.

"ಕಾಫಿ ಇಲ್ಲ, ಬೇರೆ ಇತ್ತು. ನೂನ್‌ಗೆ ಷೆಂಚ್ ಅಂತ ಒಂದು ಹಳೇ ಮಾತು ಸೇರಿಸ್ತಿದ್ರು. ಷೆಂಚ್ ಅಂದ್ರೆ ಬಟ್ಟಲಿಗೆ ಬಗ್ಗಿಸಿ ಕೊಟ್ಟ ಪಾನೀಯ. ನೂನಿನ ಹೊತ್ತಿನ ಗುಟುಕು. ಅದು ಸವೆದು ಸವೆದು ನಂಚನ್ ಆಯ್ತು, ಕುಡಿಯೋದರ ಜೊತೆ ಒಂದಿಷ್ಟು ತಿನ್ನೋದೂ ಸೇರ್ಕೊಂಡ್ತು."

"ಹನ್ನೊಂದು ಗಂಟೆಗೆ ಬೈ ಟೂ ಕಾಫಿ, ಒಂದು ಖಾಲಿ ದೋಸೆ. ಗೊತ್ತಾಯಿತು," ಅಂದರು ಆಚಾರ್ರು. ಅವರ ಮಟ್ಟಿಗೆ ಇಂಗ್ಲೆಂಡಿನ ಚರಿತ್ರೆ ಅಲ್ಲಿಗೆ ಮುಗಿದಿತ್ತು.

ಶೀನ ಮತ್ತೆ ಕಾರ್ಡ್ ತೆಗೆದ. "ನೂನ್ ಎಲ್ಲಾದರೂ ಹಾಳಾಗಿ ಹೋಗಲಿ. ಇಲ್ಲಿ ಹಾಕಿರೋದು ಅಚ್ಚಗನ್ನಡದಲ್ಲಿ ಮಧ್ಯಾಹ್ನ ಅಂತ."

"ಅದು ಸಂಸ್ಕೃತ," ಅಂದರು ಮೇಷ್ಟ್ರು.

"ಯಾವುದೋ ಒಂದು. ಅದಕ್ಕಾದರೂ ಲೆಕ್ಕ ಇದೆಯಾ ಇಲ್ವಾ?"

"ಉಂಟು," ಅಂದರು ಆಚಾರ್ರು. "ಹಗಲನ್ನು ಐದು ಪಾಲು ಮಾಡ್ತಾರೆ. ಪ್ರಾತಃಕಾಲ, ಸಂಗವ, ಮಧ್ಯಾಹ್ನ, ಅಪರಾಹ್ನ, ಸಾಯಾಹ್ನ. ಹಗಲು ಸರಿಯಾಗಿ ಹನ್ನೆರಡು ಗಂಟೆ ಇದ್ದು ಸೂರ್ಯ ಆರಕ್ಕೆ ಹುಟ್ಟಿದ ಅಂದ್ರೆ ಒಂದೊಂದು ಪಾಲು 2 ಗಂಟೆ 24 ನಿಮಿಷ. ಮಧ್ಯಾಹ್ನ 10.48ಕ್ಕೆ ಶುರು, 1.12ಕ್ಕೆ ಮುಕ್ತಾಯ."

ಶೀನ ಗಡಿಯಾರ ನೋಡಿದ. ಒಂದೂ ಮುಕ್ಕಾಲು. "ಹಾಗಾದ್ರೆ ಮಧ್ಯಾಹ್ನವೇ ಮುಗಿದು ಹೋಯ್ತಲ್ಲ! ಈಗ ಏನು?"

"ಈಗ ಅಪರಾಹ್ನ. ಶ್ರಾದ್ಧದ ಹೊತ್ತು."

"ಮೆತ್ತಗೆ ಹೇಳ್ರಿ, ಗೃಹಪ್ರವೇಶದ ಮನೆ," ಅಂತ ಮೇಷ್ಟ್ರು ಗದರಿದರು.

ಆದರೆ ಮಾತು ಶ್ರಾದ್ಧದ ಕಡೆ ತಿರುಗಿಯೇ ಬಿಟ್ಟಿತು. ನಮ್ಮ ಮನೆಗಳಲ್ಲಿ ಚಿಕ್ಕಂದಿನಲ್ಲಿ ತಿಥಿ ದಿನ ಊಟ ಮೂರಕ್ಕೇ. ವಡೆ ಕರಿಯುವ ಸದ್ದು ಹನ್ನೊಂದಕ್ಕೇ ಕೇಳುತ್ತಿತ್ತು. ಅಡುಗೆಮನೆ ಬಾಗಿಲಲ್ಲಿ ನಿಂತರೆ ಅಜ್ಜಿ ಸೌಟು ತೋರಿಸುತ್ತಿದ್ದರು. ಒಂದು ವಡೆ ಕೊಟ್ಟರೆ ಯಾವ ಪಿತೃ ಬೇಜಾರು ಮಾಡಿಕೊಳ್ಳುತ್ತಾನೆ ಅಂತ ನಾನು ಕೇಳಿ ಬೆನ್ನಿಗೊಂದು ತಿಂದಿದ್ದೆ. ಈಗ ಹಾಗಿಲ್ಲ. ಶಾಸ್ತ್ರಿಗಳಿಗೆ ಆವತ್ತೇ ಇನ್ನೂ ಎರಡು ಮನೆ ಇರುತ್ತದೆ, ಹನ್ನೆರಡೂವರೆಗೆ ನಮ್ಮ ಮನೆಯ ಪಿತೃಗಳು ಕೈತೊಳೆದು ಎದ್ದಿರುತ್ತಾರೆ. ಬೆನೆಡಿಕ್ಟನ ಮಠಕ್ಕೆ ಇಷ್ಟಾಗಲು ಎಷ್ಟೋ ಶತಮಾನ ಬೇಕಾಯಿತು. ನಮ್ಮ ಮನೆಗೆ ಒಂದು ತಲೆಮಾರು ಸಾಕಾಯಿತು.

"ಅಪರಾಹ್ನ ಅನ್ನೋ ಪದ ನಂಗೆ ಗೊತ್ತು," ಅಂದ ಶೀನ ತಡವಾಗಿ. "ಆರ್ಡರಿನಲ್ಲಿ ಬರೀತಿದ್ವಿ. ಅಪರಾಹ್ನ ಕರ್ತವ್ಯದಿಂದ ಬಿಡುಗಡೆ ಅಂತ. ಈ ಎ.ಎಂ., ಪಿ.ಎಂ. ಗಿಂತ ಎಷ್ಟೋ ವಾಸಿ. ಒಂದು ಸಲ ಹನ್ನೆರಡೂಕಾಲು ಎ.ಎಂ. ಬಸ್ಸಿಗೆ ಟಿಕೆಟ್ ಮಾಡಿಸಿ, ಲಗೇಜ್ ಸಮೇತ ಮಧ್ಯಾಹ್ನ ಹೋಗಿ ನಿಂತಿದ್ದೆ. ಬಸ್ಸು ಹಿಂದಿನ ರಾತ್ರಿಯೇ ಹೋಗಿತ್ತು. ಹೆಂಡತಿ ಇವತ್ತಿಗೂ ಟಿಕೆಟ್ ಅವಳೇ ಮಾಡಿಸ್ತಾಳೆ."

"ಅದು ನಿನ್ನೊಬ್ಬನ ತಪ್ಪಲ್ಲ. ಎ.ಎಂ. ಅಂದ್ರೆ ನಡುಹಗಲಿಗೆ ಮುಂಚೆ, ಪಿ.ಎಂ. ಅಂದ್ರೆ ಆಮೇಲೆ. ಸರಿಯಾಗಿ ಹನ್ನೆರಡು ಗಂಟೆ ಎರಡಕ್ಕೂ ಸೇರಲ್ಲ. ಅದಕ್ಕೇ ರೈಲ್ವೆಯವರು 24 ಗಂಟೆ ಲೆಕ್ಕ ಇಟ್ಕೊಂಡಿರೋದು," ಅಂದರು ಮೇಷ್ಟ್ರು. ಆಮೇಲೆ ಆಕಾಶ ನೋಡಿ ನಕ್ಕರು. "ಇನ್ನೊಂದು ತಮಾಷೆ ಹೇಳ್ತೀನಿ. ಮೈಸೂರಿಗೆ ಹನ್ನೆರಡಕ್ಕೆ ಮಧ್ಯಾಹ್ನ ಆಗೋದೇ ಇಲ್ಲ. ವರ್ಷದಲ್ಲಿ ಒಂದು ದಿನವೂ ಇಲ್ಲ."

ಇದನ್ನು ಶೀನ ಒಪ್ಪಲಿಲ್ಲ. ಮೇಷ್ಟ್ರು ಕಾರ್ಡನ್ನು ಕಿತ್ತುಕೊಂಡು ಅದರ ಹಿಂದೆ ಪೆನ್ನಿನಲ್ಲಿ ಲೆಕ್ಕ ಬರೆದರು. ಭಾರತದ ಗಡಿಯಾರ ನಡೆಯುವುದು ಮಿರ್ಜಾಪುರದ ಹತ್ತಿರ ಹಾದುಹೋಗುವ 82.5 ಡಿಗ್ರಿ ರೇಖೆಯ ಮೇಲೆ. ಮೈಸೂರು ಇರುವುದು 76.6ರ ಆಸುಪಾಸಿನಲ್ಲಿ. ಒಂದು ಡಿಗ್ರಿಗೆ 4 ನಿಮಿಷ. ಹಾಗಾಗಿ ಸೂರ್ಯ ನಮ್ಮ ನಡುನೆತ್ತಿಯ ಗೆರೆಗೆ ಬರುವುದು ಸರಾಸರಿ 12.23ಕ್ಕೆ. ಭೂಮಿ ಸೂರ್ಯನ ಸುತ್ತ ಒಂದೇ ವೇಗದಲ್ಲಿ ಓಡುವುದಿಲ್ಲ, ಅದರ ಅಕ್ಷವೂ ಓರೆ. ಹಾಗಾಗಿ ಅದೂ ಹೆಚ್ಚುಕಡಿಮೆ ಆಗುತ್ತಿರುತ್ತದೆ. ನವೆಂಬರ್ ಮೊದಲಲ್ಲಿ ಸುಮಾರು 12.07. ಫೆಬ್ರವರಿ ನಡುವೆ ಸುಮಾರು 12.37.

"ಇದು ಯಾವ ತಿಂಗಳು?" ಅಂದರು.

"ಫೆಬ್ರವರಿ."

"ಹಾಗಾದ್ರೆ ಕಾರ್ಡಿನಲ್ಲಿರೋ 12.30ಕ್ಕೆ ಇನ್ನೂ ಮಧ್ಯಾಹ್ನವೇ ಆಗಿರಲಿಲ್ಲ. ಅದು ಬೆಳಗ್ಗೆ. ಹಾಗಾಗಿ ಊಟ ತಡ ಆಯ್ತು ಅಂತ ನೀನು ಹೇಳೋ ಹಾಗಿಲ್ಲ."

ಶೀನನಿಗೆ ನಿಜವಾಗಿ ಸಿಟ್ಟು ಬಂತು. "ಮೂರು ಅಂದ್ರಿ, ಹನ್ನೆರಡು ಅಂದ್ರಿ, ಒಂದೂ ಹನ್ನೆರಡು ಅಂದ್ರಿ, ಈಗ ಹನ್ನೆರಡೂ ಮೂವತ್ತೇಳು. ಇಷ್ಟೊಂದು ಮಧ್ಯಾಹ್ನಗಳಲ್ಲಿ ಒಂದರಲ್ಲೂ ನಂಗೆ ಊಟ ಇಲ್ವಲ್ಲ ಮೇಷ್ಟ್ರೇ!"

"ಇರು. ಆ ಸನ್ಯಾಸಿಗಳು ಇನ್ನೊಂದು ಕೆಲಸ ಮಾಡಿದ್ರು. ಈಸ್ಟರಿಗೆ ಮುಂಚಿನ ದೊಡ್ಡ ಉಪವಾಸದಲ್ಲಿ ಸಂಜೆ ಪ್ರಾರ್ಥನೆ ಮುಗಿಯದೆ ಊಟ ಇಲ್ಲ ಅಂತ ಕಟ್ಟಳೆ. ಏನು ಮಾಡಿದ್ರು ಹೇಳು? ಸಂಜೆ ಪ್ರಾರ್ಥನೆಯನ್ನೇ ಮಧ್ಯಾಹ್ನಕ್ಕೆ ಮುಂಚೆ ಮಾಡಿಬಿಟ್ರು. ಕಟ್ಟಳೆಯೂ ಉಳೀತು, ಹೊಟ್ಟೆಯೂ ತುಂಬ್ತು. ಇದಕ್ಕಿಂತ ಜಾಣತನ ಪ್ರಪಂಚದಲ್ಲಿ ಎಲ್ಲಾದರೂ ಇದೆಯಾ?"

ಆಚಾರ್ರು ಗಂಟಲು ಸರಿ ಮಾಡಿಕೊಂಡರು. ಅಷ್ಟು ಹೊತ್ತು ಅವರು ತಾಳ್ಮೆಯಿಂದ ಕಾದಿದ್ದರು ಅಂತ ಆಗ ಗೊತ್ತಾಯಿತು.

"ಉಂಟು ಮಾರಾಯ್ರೇ. ನಮ್ಮಲ್ಲಿ ಉಂಟು. ಏಕಾದಶಿ ದಿನ ನೀರೂ ಇಲ್ಲದ ಉಪವಾಸ. ಮಾರನೇ ದಿನ ದ್ವಾದಶಿ ತಿಥಿ ಮುಗಿಯುವುದರೊಳಗೆ ಪಾರಣೆ ಆಗಬೇಕು. ಕೆಲವು ಸಲ ದ್ವಾದಶಿ ಬೆಳಗ್ಗೆ ಬೆಳಗ್ಗೆಯೇ ಮುಗಿದು ಹೋಗ್ತದೆ. ಆದರೆ ಊಟಕ್ಕೆ ಮುಂಚೆ ಮಧ್ಯಾಹ್ನದ ಸಂಧ್ಯಾವಂದನೆ, ದೇವರ ಪೂಜೆ ಎಲ್ಲ ಆಗಲೇಬೇಕು. ಏನು ಮಾಡುವುದು?"

ಯಾರೂ ಮಾತಾಡಲಿಲ್ಲ.

"ಮಧ್ಯಾಹ್ನದ ಕರ್ಮವನ್ನೇ ಬೆಳಗಿನ ಜಾವಕ್ಕೆ ಎಳೆಯುವುದು. ಸೂರ್ಯ ಹುಟ್ಟುವ ಮೊದಲೇ ಮಧ್ಯಾಹ್ನ ಮುಗೀತು! ಅದಕ್ಕೆ ಶಾಸ್ತ್ರದಲ್ಲಿ ಹೆಸರೇ ಉಂಟು, ಅಪಕರ್ಷ. ಮನೆಯಲ್ಲಿ ಅಮ್ಮ ಮೂರು ಗಂಟೆಗೆ ಒಲೆ ಹಚ್ಚುತ್ತಿದ್ರು. ಐದೂವರೆಗೆ ಎಲೆ. ಅಗಸೆ ಸೊಪ್ಪಿನ ಪಲ್ಯ, ನೆಲ್ಲಿಕಾಯಿ ಚಟ್ನಿ. ಅರ್ಧ ನಿದ್ದೆಗಣ್ಣಲ್ಲಿ ಪಾಯಸ. ನಿಮ್ಮ ಸನ್ಯಾಸಿಗಳು ಮೂರು ಗಂಟೆ ಎಳೆಯಲಿಕ್ಕೆ ಎಂಟು ನೂರು ವರ್ಷ ತೆಗೊಂಡ್ರು. ನಾವು ಪಂಚಾಂಗ ನೋಡಿ ಒಂದೇ ರಾತ್ರಿಯಲ್ಲಿ ಆರೇಳು ಗಂಟೆ ಎಳೆದಿದ್ದೇವೆ."

ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಅಪಕರ್ಷ," ಅಂತ ಒಂದು ಸಲ ಅಂದು ನೋಡಿದರು. ಕಾರ್ಡಿನ ಹಿಂದೆ ಲೆಕ್ಕದ ಕೆಳಗೆ ಬರೆದುಕೊಂಡರು. ಮೂವತ್ತು ವರ್ಷದ ಸ್ನೇಹದಲ್ಲಿ ಆಚಾರ್ರಿಂದ ಒಂದು ಪದ ಅವರು ತೆಗೆದುಕೊಂಡದ್ದು ಅದೇ ಮೊದಲು.

ಆಗ ಮನೆಯಾಕೆ ಬಂದರು. "ಅಯ್ಯೋ, ನೀವಿನ್ನೂ ಇಲ್ಲೇ ಕೂತಿದ್ದೀರಾ? ಆಗಲೇ ಎಲೆ ಹಾಕಿದ್ವಲ್ಲ. ಮೊದಲನೇ ಪಂಕ್ತಿ ಮಜ್ಜಿಗೆಗೆ ಬಂತು!"

ತಿರುಗಿ ನೋಡಿದರೆ ಶಾಮಿಯಾನದಲ್ಲಿ ನಾವು ನಾಲ್ಕೇ ಜನ. ಹೋಮ ಯಾವಾಗ ಮುಗಿಯಿತೋ, ಮಂಗಳಾರತಿ ಯಾವಾಗ ಆಯಿತೋ, ತಟ್ಟೆ ನಮ್ಮ ಮುಂದೆ ಬಂದು ಹೋಯಿತೋ ಇಲ್ಲವೋ ಒಂದೂ ಗೊತ್ತಾಗಿರಲಿಲ್ಲ. ಶೀನ ಮೇಷ್ಟ್ರನ್ನು ನೋಡಿದ ನೋಟವನ್ನು ಇಲ್ಲಿ ಬರೆಯುವ ಹಾಗಿಲ್ಲ.

ಎರಡನೇ ಪಂಕ್ತಿಗೆ ಮತ್ತೆ ನೆಲ ಒರೆಸಿ ಎಲೆ ಹಾಕುವಷ್ಟರಲ್ಲಿ ಇನ್ನೂ ಮುಕ್ಕಾಲು ಗಂಟೆ. ಕೂತೆವು. ಎಲೆಯ ತುದಿಗೆ ಉಪ್ಪು ಬಂತು, ಕೋಸಂಬರಿ ಬಂತು. ಹೋಳಿಗೆಯ ತಟ್ಟೆ ದೂರದಲ್ಲಿ ಕಾಣಿಸಿತು. ಮೇಷ್ಟ್ರು ಕೈಗಡಿಯಾರವನ್ನು ನನ್ನ ಮೂಗಿನ ಹತ್ತಿರ ಹಿಡಿದರು. ಮೂರಕ್ಕೆ ಐದು ನಿಮಿಷ.

"ನೋಡಿದ್ಯಾ? ನೂನು ತವರಿಗೆ ಬಂತು," ಅಂದರು. "ಅಂದ ಹಾಗೆ 17ನೇ ಶತಮಾನದ ಇಂಗ್ಲಿಷ್ ಕವಿಗಳು ನಡುರಾತ್ರಿಗೂ ನೂನ್ ಅಂತಿದ್ರು. ರಾತ್ರಿಯ ನೂನ್ ಅಂತ. ಅದು ಹೇಗಾಯ್ತು ಅಂದ್ರೆ..."

"ಮೇಷ್ಟ್ರೇ," ಅಂದ ಶೀನ, "ಹೋಳಿಗೆ ನಿಮ್ಮ ಎಲೆ ದಾಟಿ ಹೋಯ್ತು."

ಮೇಷ್ಟ್ರು ಥಟ್ಟನೆ ತಿರುಗಿ, ಮುಂದೆ ಹೋಗಿದ್ದ ಹುಡುಗನನ್ನು ಚಪ್ಪಾಳೆ ತಟ್ಟಿ ಕರೆದರು.